ಅಂಬಾರಿಯ ಕೆಳಗಿನ ನೆಲ

(ಸಕಲೇಶಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ನಾಡಿನ ಬಗ್ಗೆ ಅಭಿಮಾನ ಮೂಡಿಸುವ ವಿಷಯವನ್ನು ಆರಿಸಿಕೊಳ್ಳಿ ಎಂದು ಸಂಘಟಕರು ಕೇಳಿದ್ದರು. ಹಾಸನ ಜಿಲ್ಲೆಯಲ್ಲಿ ನಿಂತು ಮಾತಾಡುವವನಿಗೆ ಅದೇನು ಕಷ್ಟವಲ್ಲ. ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕಿದ್ದು ಪಕ್ಕದ ಬೇಲೂರು ತಾಲ್ಲೂಕಿನಲ್ಲಿ. ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಲ್ಲಿಂದ ಕೂಗಳತೆಯಲ್ಲಿ ಮಂಜರಾಬಾದ್ ಕೋಟೆಯಿದೆ. ಎಂಟು ಮೂಲೆಯ ನಕ್ಷತ್ರದಂಥ ಆ ಕೋಟೆಯನ್ನು ಟಿಪ್ಪು 1792ರಲ್ಲಿ ಮುಗಿಸಿದ. ಅದಾಗಿ ಹತ್ತು ವರ್ಷಕ್ಕೆ, 1802ರ ಫೆಬ್ರವರಿಯಲ್ಲಿ, ಬಲಂ ಸೀಮೆಯ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು ಆರ್ಥರ್ ವೆಲ್ಲೆಸ್ಲಿಯ ಸೇನೆ ಹಿಡಿದು ಗಲ್ಲಿಗೇರಿಸಿತು. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಅವನಿಗೆ ಕಾಡಿನ ಯುದ್ಧದ ಕಷ್ಟ ಏನೆಂದು ತೋರಿಸಿದ್ದು ನಮ್ಮ ಘಟ್ಟ ಎಂದು ಹೇಳಿಕೊಳ್ಳಲು ಅಡ್ಡಿಯಿಲ್ಲ. ಆಮೇಲೆ ಕಾಫಿ. ಅದರ ಬಗ್ಗೆ ಈ ಊರಲ್ಲಿ ನಾನು ಹೇಳಬೇಕಾದ್ದಿಲ್ಲ.

ಈ ಪಟ್ಟಿಯನ್ನೇ ಹಿಗ್ಗಿಸಿ, ಮಧ್ಯೆ ಮಧ್ಯೆ ನಾಲ್ಕು ಪದ್ಯ ಹೇಳಿ, ಚಪ್ಪಾಳೆ ತೆಗೆದುಕೊಂಡು ಇಳಿಯಬಹುದಿತ್ತು. ಆದರೆ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ರಾಜರಿದ್ದಾರೆ, ರಾಜರನ್ನು ಕೊಂದವರಿದ್ದಾರೆ, ಗುಡಿ ಇದೆ, ಕೋಟೆ ಇದೆ, ಬೆಳೆ ಇದೆ. ಟಿಪ್ಪುವಿನ ವಿಷಯದಲ್ಲಿ ನಾವು ಎರಡು ಪಾಳೆಯವಾಗಿ ಎಷ್ಟು ವರ್ಷದಿಂದ ಜಗಳವಾಡುತ್ತಿದ್ದೇವೆ! ಆ ಕೋಟೆಯ ಗುಡ್ಡಕ್ಕೆ ಕಲ್ಲು ಹೊತ್ತವರು ಯಾರು ಎಂಬ ಪ್ರಶ್ನೆಯನ್ನು ಎರಡೂ ಪಾಳೆಯದವರು ಕೇಳಿದ್ದನ್ನು ನಾನು ಕಂಡಿಲ್ಲ. ಹೆಮ್ಮೆ ಬೇಡ ಎನ್ನಲು ನಾನು ಬಂದಿಲ್ಲ. ಹೆಮ್ಮೆಪಡುವವರೇ ಲೆಕ್ಕವನ್ನೂ ಕೊಡಬೇಕು ಎನ್ನುವುದಷ್ಟೇ ನನ್ನ ವಾದ. ಇದು ನಮ್ಮ ನಾಡು ಎಂದು ಎದೆ ತಟ್ಟಿಕೊಂಡ ಮೇಲೆ ಆ ನಾಡಿನ ಸಾಲವೂ ನಮ್ಮದೇ.

ದೂರದ ಉದಾಹರಣೆ ಬೇಡ. ಯಸಳೂರಿಗೆ ಹೋಗೋಣ.

2023ರ ಡಿಸೆಂಬರ್ 4ರಂದು ನಮ್ಮ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆಯ ಹತ್ತಿರ, ಕಾಡಾನೆಗೆ ರೇಡಿಯೊ ಕಾಲರ್ ಹಾಕುವ ಕಾರ್ಯಾಚರಣೆಯಲ್ಲಿ ಅರ್ಜುನ ತೀರಿಕೊಂಡ. 2012ರಿಂದ 2019ರವರೆಗೆ ಎಂಟು ದಸರಾಗಳಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಆನೆ. ಕರ್ನಾಟಕ ಎಂದು ಹೆಸರಿಟ್ಟು 50 ವರ್ಷವಾಯಿತೆಂದು ಸರ್ಕಾರ ಹಬ್ಬ ಮಾಡುತ್ತಿದ್ದ ವರ್ಷ ಅದು. ನಾಡಿಗೆ ನಾಡೇ ಮರುಗಿತು. ಮಾರನೆಯ ದಿನ ಅಲ್ಲೇ ಮಣ್ಣು ಮಾಡುವಾಗ ಜನ ಜಾತ್ರೆಯಂತೆ ಸೇರಿದರು. ಮೈಸೂರಿಗೆ ಒಯ್ಯಬೇಕಿತ್ತು ಎಂದು ಕೆಲವರು ಸಿಟ್ಟಾದರು, ಸ್ಮಾರಕ ಬೇಕು ಎಂದರು, ಸರ್ಕಾರ ಒಪ್ಪಿತು. ಮಾವುತ ಆನೆಯ ಮೈ ತಬ್ಬಿ ಅತ್ತದ್ದನ್ನು ಟೀವಿಯಲ್ಲಿ ನೋಡದವರು ಕಡಿಮೆ. ಆ ಅಳುವಿನ ಎದುರು ಎಲ್ಲ ಭಾಷಣವೂ ಸಣ್ಣದು, ಆ ಮಾತು ಇರಲಿ. ನನಗೆ ಬೇಕಾದ್ದು ಅದರಾಚೆಯ ಒಂದು ವಿಷಯ. ಅರ್ಜುನ ಎಲ್ಲಿಂದ ಬಂದ?

ಕಾಕನಕೋಟೆಯಿಂದ. 1968ರ ಖೆಡ್ಡಾದಲ್ಲಿ, ಅಂದರೆ ಕಾಡಾನೆಯ ಹಿಂಡನ್ನೇ ಅಟ್ಟಿ ಹಿಡಿಯುವ ಕಾರ್ಯಾಚರಣೆಯಲ್ಲಿ, ಸಿಕ್ಕವನು. ಮೈಸೂರು ಸಂಸ್ಥಾನದ ಖೆಡ್ಡಾ ಲೋಕಪ್ರಸಿದ್ಧ. ಸ್ಯಾಂಡರ್ಸನ್ ಎಂಬ ಅಧಿಕಾರಿ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಶುರು ಮಾಡಿದ್ದು ಮುಂದೆ ಕಾಕನಕೋಟೆಯಲ್ಲಿ ರಾಜವೈಭವವಾಯಿತು. ವೈಸರಾಯ್‌ಗಳು ಬಂದರು, ಇಂಗ್ಲೆಂಡಿನ ರಾಜಕುಮಾರರು ಬಂದರು, ಅಟ್ಟಣಿಗೆಯ ಮೇಲೆ ಕೂತು ಕಬಿನಿ ಹೊಳೆಗೆ ಆನೆಹಿಂಡು ಇಳಿಯುವುದನ್ನು ನೋಡಿದರು. ಹಿಂಡಿನ ಜಾಡು ಹಿಡಿದವರು, ತಮಟೆ ಬಡಿದು ಅಟ್ಟಿದವರು, ಹಿಡಿದ ಮೇಲೆ ಪಳಗಿಸಿ ಜೊತೆಯಲ್ಲೇ ಮಲಗಿದವರು ಬಹುಪಾಲು ಜೇನುಕುರುಬರು, ಬೆಟ್ಟಕುರುಬರು. ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಅವರ ಕಾಡಿನ ಜ್ಞಾನವನ್ನು ಬಾಯ್ತುಂಬ ಹೊಗಳಿದ್ದಾನೆ. ಮಾಸ್ತಿಯವರು 'ಕಾಕನಕೋಟೆ' ನಾಟಕ ಬರೆದರು, ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದರು. ಹೊಗಳಿಕೆಗೆ ಯಾವತ್ತೂ ಕೊರತೆಯಾಗಲಿಲ್ಲ.

ಖೆಡ್ಡಾ 1971ಕ್ಕೆ ನಿಂತಿತು. 1974ರಲ್ಲಿ ಕಬಿನಿ ಅಣೆಕಟ್ಟೆಯ ನೀರು ಆ ಕಣಿವೆಯನ್ನು ತುಂಬಿತು. ಉಳಿದ ಕಾಡು ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಸಂರಕ್ಷಿತ ಪ್ರದೇಶ. ಒಂದೊಂದು ಹೆಸರು ಬದಲಾದಾಗಲೂ ಆದಿವಾಸಿಗಳ ಹಾಡಿಗಳು ಖಾಲಿಯಾದವು. ಹೈಕೋರ್ಟ್ ಸೂಚನೆಯ ಮೇಲೆ ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅವರ ಸಮಿತಿ ಹಾಡಿ ಹಾಡಿ ತಿರುಗಿ 2014ರಲ್ಲಿ ವರದಿ ಕೊಟ್ಟಿತು. ನಾಗರಹೊಳೆಯಿಂದ ಹೀಗೆ ಹೊರಬಿದ್ದ ಕುಟುಂಬಗಳು 3,418 ಎಂದು ಅದು ಲೆಕ್ಕ ಹಾಕಿತು. ಒಂದು ಕಡೆ ಹಾಡಿಯವರು ಹೊರಗೆ, ಇನ್ನೊಂದು ಕಡೆ ಅದೇ ಕಾಡಿನ ನಡುವೆ ಮೂರ್ಕಲ್‌ನಲ್ಲಿ ದೊಡ್ಡ ಹೋಟೆಲಿಗೆ ಜಾಗ. ಆದಿವಾಸಿಗಳು ಚಳವಳಿ ಮಾಡಿ, ನ್ಯಾಯಾಲಯಕ್ಕೆ ಹೋಗಿ 1997ರಲ್ಲಿ ಅದನ್ನು ನಿಲ್ಲಿಸಬೇಕಾಯಿತು. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕರಡಿಕಲ್ಲು ಅತ್ತೂರು ಕೊಲ್ಲಿಗೆ, ಅಂದರೆ ತಮ್ಮ ಹಿರಿಯರನ್ನು 1980ರ ದಶಕದಲ್ಲಿ ಎಬ್ಬಿಸಿದರೆಂದು ಅವರು ಹೇಳುವ ಜಾಗಕ್ಕೆ, ವಾಪಸು ನಡೆದು ಹೋಗಿ ಗುಡಿಸಲು ಹಾಕಿದವು. ಅಜ್ಜಂದಿರ ಗೋರಿಗಳು, ದೇವರ ಬನಗಳು ಅಲ್ಲೇ ಇವೆ ಎನ್ನುವುದು ಅವರ ಮಾತು. ಇಲಾಖೆಯ ಕಡತದಲ್ಲಿ ಅವರು ಅತಿಕ್ರಮಣಕಾರರು.

ದಸರಾದ ಹೊತ್ತಿಗೆ ಇದೇ ಸಮುದಾಯದ ಮಾವುತರು, ಕಾವಾಡಿಗರು ಹೆಂಡತಿ ಮಕ್ಕಳ ಸಮೇತ ಮೈಸೂರು ಅರಮನೆ ಆವರಣದಲ್ಲಿ ಶೆಡ್ಡುಗಳಲ್ಲಿ ಬಿಡಾರ ಹೂಡುತ್ತಾರೆ. ಮಂತ್ರಿಗಳು ಬಂದು ಅವರಿಗೆ ತಿಂಡಿ ಬಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಮಕ್ಕಳಿಗೆ ಟೆಂಟ್ ಶಾಲೆ ನಡೆಯುತ್ತದೆ. ಆ ತಿಂಗಳಲ್ಲಿ ಪೇಪರ್ ನೋಡಿ: ಯಾವ ಆನೆ ಎಷ್ಟು ಕಿಲೋ ತೂಗಿತು, ಕಾಡಿಂದ ಬಂದಾಗ ಎಷ್ಟಿತ್ತು, ಈಗ ಎಷ್ಟು ಹೆಚ್ಚಿದೆ, ಬೆಳಿಗ್ಗೆ ಕೊಡುವ ಕುಸುರೆಯಲ್ಲಿ ಭತ್ತ ಎಷ್ಟು, ಬೆಲ್ಲ ಎಷ್ಟು, ತೆಂಗಿನಕಾಯಿ ಎಷ್ಟು, ಎಲ್ಲ ಇರುತ್ತದೆ. ಆ ಕುಸುರೆಯನ್ನು ಹುಲ್ಲಿನಲ್ಲಿ ಸುತ್ತಿ ಆನೆಯ ಬಾಯಿಗೆ ಇಡುವ ಕೈಯವನ ಮನೆ ಎಲ್ಲಿದೆ, ಆ ಮನೆಗೆ ಹಕ್ಕುಪತ್ರ ಇದೆಯೆ, ಅವನ ಕೆಲಸ ಖಾಯಂ ಆಗಿದೆಯೆ ಎಂಬುದು ಇರುವುದಿಲ್ಲ. ನಾಡಹಬ್ಬ ಅವನಿಲ್ಲದೆ ಒಂದು ಹೆಜ್ಜೆ ಇಡಲಾರದು. ನಾಡು ಅವನಿಲ್ಲದೆ ಆರಾಮಾಗಿ ನಡೆಯುತ್ತದೆ.

ಇದೆಲ್ಲ ಎಚ್.ಡಿ. ಕೋಟೆ, ಹುಣಸೂರಿನ ಸಂಗತಿ, ನಮಗೇನು ಎಂದು ಯಾರಾದರೂ ಕೇಳಬಹುದು. ಆಲೂರು, ಸಕಲೇಶಪುರದ ತೋಟಕ್ಕೆ ಆನೆ ನುಗ್ಗಿದಾಗ ನಾವು ಯಾರನ್ನು ಕರೆಸುತ್ತೇವೆ? ದುಬಾರೆಯಿಂದ, ಮತ್ತಿಗೋಡಿನಿಂದ, ಬಳ್ಳೆಯಿಂದ ಸಾಕಾನೆ ಬರುತ್ತವೆ, ಜೊತೆಗೆ ಅವರೇ ಬರುತ್ತಾರೆ. 2014ರಲ್ಲಿ ನಮ್ಮ ಈ ಎರಡು ತಾಲ್ಲೂಕುಗಳಿಂದ ಇಪ್ಪತ್ತಕ್ಕೂ ಹೆಚ್ಚು ಕಾಡಾನೆಗಳನ್ನು ಹಿಡಿದು ಸಾಗಿಸಿದರಲ್ಲ, ಆಗ ಮುಂದೆ ಹೋದವರೂ ಅವರೇ. ತಮ್ಮ ಕಾಡು ಬಿಡಿಸಿಕೊಂಡವರು ನಮ್ಮ ತೋಟ ಉಳಿಸಲು ಪ್ರಾಣ ಒತ್ತೆಯಿಡುವುದು ನಮಗೆ ಎಷ್ಟು ಸಹಜವಾಗಿಬಿಟ್ಟಿದೆ ಎಂದರೆ, ಅದು ವಿಚಿತ್ರ ಎಂದು ಕೂಡ ಅನ್ನಿಸುವುದಿಲ್ಲ.

ಇನ್ನೊಂದು ತಕರಾರು ಸ್ವಲ್ಪ ಓದಿಕೊಂಡವರಿಂದ ಬರುತ್ತದೆ. ಇದು ಆಸ್ಟ್ರೇಲಿಯಾ ಅಲ್ಲ, ಅಮೆರಿಕ ಅಲ್ಲ; ಹಡಗಿನಲ್ಲಿ ಬಂದ ಬಿಳಿಯರು ನೆಲ ಕಸಿದ ಕಥೆ ಅಲ್ಲಿನದು, ಇಲ್ಲಿ ಎಲ್ಲರೂ ಮೂಲನಿವಾಸಿಗಳೇ ಎಂಬ ತಕರಾರು. ಭಾರತ ಸರ್ಕಾರದ ಅಧಿಕೃತ ನಿಲುವೂ ಅದೇ. 2007ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆ ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ಮತಕ್ಕೆ ಹಾಕಿದಾಗ 144 ದೇಶಗಳು ಪರ, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕು ವಿರೋಧ. ನಾವು ಪರ ಹಾಕಿದೆವು. ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳು ಎಂದಮೇಲೆ ಆ ಕೈ ಎತ್ತುವುದಕ್ಕೆ ಖರ್ಚೇನೂ ಇರಲಿಲ್ಲ. ತಮಾಷೆ ಎಂದರೆ, ವಿರೋಧಿಸಿದ ದೇಶಗಳೇ ಮರುವರ್ಷ ಬಾಯಿಬಿಟ್ಟವು. 2008ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಕೆವಿನ್ ರಡ್, ಜೂನ್‌ನಲ್ಲಿ ಕೆನಡಾದ ಸ್ಟೀಫನ್ ಹಾರ್ಪರ್ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು. ಅಮೆರಿಕವೂ 2009ರಲ್ಲಿ ಕ್ಷಮೆ ಕೇಳಿತು, ಆದರೆ ರಕ್ಷಣಾ ಖರ್ಚಿನ ಮಸೂದೆಯೊಂದರ ಒಳಗೆ ಯಾರಿಗೂ ಕಾಣದಂತೆ ತುರುಕಿ. ಕ್ಷಮೆ ಕೇಳಿದ ಮಾತ್ರಕ್ಕೆ ಅವರು ದೊಡ್ಡವರಾದರು ಎಂದು ನಾನು ಹೇಳುವುದಿಲ್ಲ. ಅದೇ ಆಸ್ಟ್ರೇಲಿಯಾ 2023ರ ಜನಮತಗಣನೆಯಲ್ಲಿ ಮೂಲನಿವಾಸಿಗಳಿಗೆ ಸಂಸತ್ತಿನ ಮುಂದೆ ಸಲಹೆ ಹೇಳುವ ಒಂದು ವೇದಿಕೆ ಕೊಡಲೂ ಒಲ್ಲೆ ಎಂದಿತು.

ನಮ್ಮಲ್ಲಿ ಆದದ್ದು ಇದರ ತಿರುಗುಮುರುಗು. ಕ್ಷಮೆಯ ಮಾತು ಯಾರೂ ಆಡಲಿಲ್ಲ, ಆದರೆ ತಪ್ಪೊಪ್ಪಿಗೆ ಕಾನೂನಿನ ಒಳಗೇ ಬಂದು ಕೂತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಸ್ತಾವನೆಯನ್ನು ಓದಿ. ಬ್ರಿಟಿಷರ ಕಾಲದಲ್ಲೂ ಸ್ವತಂತ್ರ ಭಾರತದಲ್ಲೂ ಕಾಡಿನ ಜನರ ಹಕ್ಕುಗಳನ್ನು ಸರಿಯಾಗಿ ಗುರುತಿಸದೆ ಅವರಿಗೆ ಐತಿಹಾಸಿಕ ಅನ್ಯಾಯ ಮಾಡಲಾಗಿದೆ ಎಂದು ಈ ದೇಶದ ಸಂಸತ್ತು ಅಚ್ಚು ಹಾಕಿಸಿ ಒಪ್ಪಿಕೊಂಡಿದೆ. ಸ್ವತಂತ್ರ ಭಾರತದಲ್ಲೂ ಎಂಬುದನ್ನು ಗಮನಿಸಿ. ಬಿಳಿಯರ ತಲೆಗೆ ಕಟ್ಟಿ ಕೈ ತೊಳೆದುಕೊಂಡಿಲ್ಲ. ಸಂಸತ್ತು ಒಪ್ಪಿದ್ದನ್ನು ತಾಲ್ಲೂಕು ಕಚೇರಿ ಒಪ್ಪುವುದಿಲ್ಲ, ಅಷ್ಟೆ. ಕರ್ನಾಟಕದಲ್ಲಿ ಈ ಕಾಯ್ದೆಯಡಿ ಬಂದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾಗಿವೆ.

ಲೆಕ್ಕ ಕೇಳಿದರೆ ದೇಶಾಭಿಮಾನಕ್ಕೆ ಕುಂದು ಬರುತ್ತದೆ ಎನ್ನುವವರಿಗೆ ಜೈಪಾಲ್ ಸಿಂಗ್ ಮುಂಡಾ ಅವರನ್ನು ನೆನಪಿಸಬೇಕು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಭಾರತ ಹಾಕಿಯ ಮೊದಲ ಚಿನ್ನ ಗೆದ್ದಿತಲ್ಲ, ಆ ತಂಡದ ನಾಯಕ. ದೇಶದ ಹೆಮ್ಮೆಗೆ ಅದಕ್ಕಿಂತ ದೊಡ್ಡ ಕಾಣಿಕೆ ಕೊಟ್ಟವರು ಸಂವಿಧಾನ ರಚನಾ ಸಭೆಯಲ್ಲಿ ಎಷ್ಟು ಜನರಿದ್ದರು? 1946ರ ಡಿಸೆಂಬರ್ 19ರಂದು ಅವರು ಆ ಸಭೆಯಲ್ಲಿ ಎದ್ದು ನಿಂತು, ತಾನು ಕಾಡಿನವನೆಂದು ಹೆಮ್ಮೆಯಿಂದಲೇ ಹೇಳಿಕೊಂಡು, ತನ್ನ ಜನರ ಚರಿತ್ರೆಯೆಂದರೆ ಹೊರಗಿನಿಂದ ಬಂದವರು ಮಾಡಿದ ಸುಲಿಗೆಯ, ನೆಲ ಕಳೆದುಕೊಂಡ ಚರಿತ್ರೆ ಎಂದರು. ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಕಲಿಸಲು ಬರಬೇಡಿ, ಅವರಿಂದ ಕಲಿಯಿರಿ ಎಂಬರ್ಥದ ಮಾತನ್ನೂ ಆಡಿದರು. ಇಷ್ಟೆಲ್ಲ ಹೇಳಿ, ಹೊಸ ಭಾರತದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದ ನೆಹರೂ ಮಾತನ್ನು ನಂಬುತ್ತೇನೆ ಎಂದು ಸಭೆಯ ಮುಂದಿದ್ದ ಗೊತ್ತುವಳಿಯನ್ನು ಬೆಂಬಲಿಸಿದರು. ನನಗೆ ಗೊತ್ತಿರುವ ಮಟ್ಟಿಗೆ ದೇಶಾಭಿಮಾನದ ಭಾಷಣ ಎಂದರೆ ಅದು. ಲೆಕ್ಕ ಮುಂದಿಟ್ಟು ಆಮೇಲೆ ನಂಬಿಕೆ.

ನಂಬಿದ್ದಕ್ಕೆ ಸಿಕ್ಕ ಪ್ರತಿಫಲದ ಒಂದು ತುಣುಕು ನಮ್ಮ ಘಟ್ಟದ ಕೆಳಗೇ ಇದೆ. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಮಲೆಕುಡಿಯ ಬುಡಕಟ್ಟಿನ ಹುಡುಗನೊಬ್ಬ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದವನು, 2012ರಲ್ಲಿ ತಂದೆಯ ಸಮೇತ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧನಕ್ಕೆ ಒಳಗಾದ. ಅವನ ಹತ್ತಿರ ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗನ ಪುಸ್ತಕವೂ ಒಂದು. ನಿರ್ದೋಷಿ ಎಂಬ ತೀರ್ಪು ಬರಲು 2021ರ ಅಕ್ಟೋಬರ್ ಆಯಿತು. ನಮ್ಮ ಶಾಲೆಗಳ ಗೋಡೆಯ ಮೇಲೆ ಭಗತ್ ಸಿಂಗ್ ಇದ್ದರೆ ರಾಷ್ಟ್ರಭಕ್ತಿ, ಮಲೆಕುಡಿಯನ ಚೀಲದಲ್ಲಿದ್ದರೆ ಸಾಕ್ಷ್ಯ.

ಈಗ ನಮ್ಮ ಗುಡ್ಡಗಳಿಗೇ ಬರುತ್ತೇನೆ. ಸಕಲೇಶಪುರ, ಆಲೂರಿನಲ್ಲಿ ಪರಿಶಿಷ್ಟ ಪಂಗಡದ ಹಾಡಿಗಳು ಕಡಿಮೆ. ಹಾಗಾದರೆ ನಮ್ಮ ಲೆಕ್ಕ ಸೊನ್ನೆಯೆ? ಮೈಸೂರಿನ ಬಗ್ಗೆ ಬಿ.ಎಲ್. ರೈಸ್ ಬರೆದ ಗೆಜೆಟಿಯರನ್ನು ತೆರೆಯಿರಿ. ಶಾಸನಗಳನ್ನು ಒಟ್ಟುಮಾಡಿ ನಮಗೆ ಹೆಮ್ಮೆ ಕಟ್ಟಿಕೊಟ್ಟ ಅದೇ ರೈಸ್. ಮಲೆನಾಡಿನಲ್ಲಿ ಅಂದು ಹೊಲೆಯರೆಂದು ಕರೆಯಲಾಗುತ್ತಿದ್ದ ಜನ ಎರಡು ಬಗೆಯ ಜೀತದಲ್ಲಿದ್ದರು ಎಂದು ಆ ಗ್ರಂಥದಲ್ಲಿದೆ. ಒಡೆಯನ ಮನೆತನಕ್ಕೆ ವಂಶಪಾರಂಪರ್ಯವಾಗಿ ಸೇರಿದವರು ಹುಟ್ಟಾಳುಗಳು. ನೆಲಕ್ಕೆ ಸೇರಿದವರು, ನೆಲ ಮಾರಿದರೆ ಅದರ ಜೊತೆಗೇ ಮಾರಾಟವಾಗುತ್ತಿದ್ದವರು ಮಣ್ಣಾಳುಗಳು. ಗದ್ದೆಯ ಚಕ್ಕುಬಂದಿ ಬರೆಯುವಾಗ ಮರ, ಬಾವಿಯ ಜೊತೆಗೆ ಮನುಷ್ಯರೂ ಸೇರುತ್ತಿದ್ದ ಕಾಲ. ಇದು ಪುರಾಣಕಾಲದ್ದಲ್ಲ. ಈ ಸಭೆಯಲ್ಲಿರುವ ಎಷ್ಟೋ ಮನೆಗಳ ನಾಲ್ಕನೆಯ, ಐದನೆಯ ತಲೆಮಾರಿನ ಅಜ್ಜಂದಿರು ಕಣ್ಣಾರೆ ಕಂಡದ್ದು, ಒಬ್ಬರು ಜಗಲಿಯ ಮೇಲಿಂದ, ಇನ್ನೊಬ್ಬರು ಅಂಗಳದ ಕೆಳಗಿಂದ.

ಇಲ್ಲಿ ಇನ್ನೊಂದು ದಾಖಲೆಯನ್ನು ನಿಧಾನವಾಗಿ ಹೇಳಬೇಕು. ಕ್ಯಾಪ್ಟನ್ ಜೆ.ಎಸ್.ಎಫ್. ಮ್ಯಾಕೆಂಜಿ ಎಂಬ ಅಧಿಕಾರಿ 1873ರಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಈ ಜನರ ಬಗ್ಗೆ ಒಂದು ಟಿಪ್ಪಣಿ ಬರೆದ. ಊರೂರಿಗೂ ಅವರಲ್ಲಿ ಒಬ್ಬ ಕುಳವಾಡಿ ಇರುತ್ತಿದ್ದ. ಎರಡು ಊರಿನ ನಡುವೆ ಗಡಿಯ ವ್ಯಾಜ್ಯ ಬಂದರೆ ಪಟೇಲನೂ ಅಲ್ಲ, ಶಾನುಭೋಗನೂ ಅಲ್ಲ, ಕುಳವಾಡಿಯೇ ತೀರ್ಮಾನ ಹೇಳಬೇಕು. ಊರ ಮಣ್ಣನ್ನು ಉಂಡೆ ಕಟ್ಟಿ, ಅದರ ನಡುವೆ ನೀರಿಟ್ಟು, ತಲೆಯ ಮೇಲೆ ಹೊತ್ತು ಅವನು ಗಡಿಯ ಉದ್ದಕ್ಕೂ ನಡೆಯುತ್ತಾನೆ. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ಗಟ್ಟಿಯಾಗಿರುತ್ತದೆ. ತಪ್ಪಿಯಾದರೂ ಆಚೆ ಕಾಲಿಟ್ಟರೆ ಉಂಡೆ ತಾನಾಗಿ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂಬ ನಂಬಿಕೆ. ಅವನು ನಡೆದದ್ದೇ ಗಡಿ. ಎರಡು ಊರಿನ ಒಡೆಯರೂ ಒಪ್ಪುತ್ತಿದ್ದರು.

ಒಂದು ಅಂಗುಲ ನೆಲವೂ ತನ್ನದಲ್ಲದವನ ಮಾತಿನ ಮೇಲೆ ಊರ ನೆಲವೆಲ್ಲ ನಿಂತಿತ್ತು ಎಂದರೆ ಏನರ್ಥ? ಒಂದು ಕಾಲಕ್ಕೆ ಈ ನೆಲ ಅವರದೇ ಆಗಿತ್ತು ಎಂದು ಮ್ಯಾಕೆಂಜಿ ಊಹಿಸಿದ. ಆ ಕಾಲದ ಇಂಗ್ಲಿಷ್ ಅಧಿಕಾರಿಗಳಿಗೆ ಬುಡಕಟ್ಟು, ಜನಾಂಗ, ಯಾರು ಮೊದಲು ಬಂದರು ಎಂಬುದರ ಗೀಳಿತ್ತು. ಅವರ ಜನಾಂಗ ಸಿದ್ಧಾಂತವನ್ನು ನಾನು ತಲೆಯ ಮೇಲೆ ಹೊತ್ತುಕೊಳ್ಳುವುದಿಲ್ಲ. ಐದು ಸಾವಿರ ವರ್ಷದ ಹಿಂದೆ ಯಾರು ಯಾವ ದಾರಿಯಿಂದ ಬಂದರು ಎಂಬುದನ್ನು ವಿಜ್ಞಾನಿಗಳು ಹೇಳಲಿ. ನನಗೆ ಅಷ್ಟು ಹಿಂದೆ ಹೋಗುವ ಅಗತ್ಯ ಕಾಣುವುದಿಲ್ಲ. ಈ ನೆಲವನ್ನು ಕುಳವಾಡಿಯ ಜನರಷ್ಟು ಬಲ್ಲವರು ಇಲ್ಲ ಎಂದು ಒಡೆಯರೇ ಒಪ್ಪಿದ್ದರು, ಹಾಗೆ ಬಲ್ಲವರನ್ನೇ ನೆಲದೊಂದಿಗೆ ಮಾರಿದರು ಎಂಬುದಷ್ಟೇ ಸಾಕು. ಬಯಲುಸೀಮೆ ಮುಗಿದು ಮಲೆನಾಡು ಹತ್ತುವ ಜಾಗ ಆಲೂರು. ಕೆಳಗಿನ ಊರುಗಳಲ್ಲಿ ಗಡಿ ಹೇಳುವ ಮರ್ಯಾದೆಯಾದರೂ ಇದ್ದವನು, ಮೇಲೆ ಹತ್ತಿದಂತೆ ಬರೀ ಆಳಾಗಿಬಿಡುತ್ತಿದ್ದ. 1920ರ ದಶಕದಲ್ಲಿ ಮೈಸೂರು ಸರ್ಕಾರ ಆದಿ ಕರ್ನಾಟಕ ಎಂಬ ಗೌರವದ ಹೆಸರನ್ನು ದಾಖಲೆಗೆ ತಂದಿತು. ಪಹಣಿಯ ಹೆಸರುಗಳು ಇದ್ದ ಹಾಗೇ ಇದ್ದವು.

ಕಾಫಿ ಬಂದು ಏನಾಯಿತು? 1843ರಲ್ಲಿ ಕಂಪನಿ ಸರ್ಕಾರ ತನ್ನ ಸೀಮೆಯಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂದಿತು. ಅದೇ ವರ್ಷ ಫ್ರೆಡರಿಕ್ ಗ್ರೀನ್ ಎಂಬಾತ ನಮ್ಮ ದಕ್ಷಿಣ ಮಂಜರಾಬಾದಿನಲ್ಲಿ ಯುರೋಪಿಯನ್ನರ ಮೊದಲ ತೋಟ ಹಾಕಿದ. ಹನ್ನೆರಡು ವರ್ಷದ ಮೇಲೆ ರಾಬರ್ಟ್ ಎಲಿಯಟ್ ಎಂಬ ತೋಟಗಾರ ಬಂದ. ಇಲ್ಲಿನ ಬದುಕಿನ ಬಗ್ಗೆ ಎರಡು ಪುಸ್ತಕ ಬರೆದ. ನಗದು ಕೂಲಿಯಿಂದ ಜೀತ ಸಡಿಲವಾಯಿತು ಎಂಬ ಹೆಮ್ಮೆ ಬಿಳಿಯ ತೋಟಗಾರರಿಗಿತ್ತು. ಅದು ಪೂರ್ತಿ ಸುಳ್ಳಲ್ಲ. ಒಡೆಯನ ಹಟ್ಟಿ ಬಿಟ್ಟು ಹೋಗಿ ಕೈಯಲ್ಲಿ ಕಾಸು ಹಿಡಿಯಲು ಸಾಧ್ಯವಾದದ್ದು ದೊಡ್ಡ ಬಿಡುಗಡೆಯೇ. ಆದರೆ ಜೀತದ ಜಾಗಕ್ಕೆ ಮುಂಗಡ ಬಂತು. ಮೇಸ್ತ್ರಿಯ ಕೈಯಲ್ಲಿ ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟರೆ ಶಿಕ್ಷೆ ಕೊಡಿಸಲು 1859ರ ಕಾಯ್ದೆಯೊಂದನ್ನು ದಕ್ಷಿಣದ ತೋಟಗಾರರು ಬಳಸಿದರು. ಆಳಿಗೆ ತೋಟದಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆ ಸಿಕ್ಕಿತು, ಆ ಮನೆ ಅವನದಾಗಲಿಲ್ಲ. ಬಿಳಿಯರು ಹೋಗಿ ತೋಟ ನಮ್ಮವರ ಕೈಗೆ ಬಂದಾಗಲೂ ಲೈನ್ ಮನೆ ಲೈನ್ ಮನೆಯಾಗಿಯೇ ಉಳಿಯಿತು. 1974ರ ಭೂಸುಧಾರಣೆ ಕರ್ನಾಟಕದ ಅತಿದೊಡ್ಡ ಹೆಮ್ಮೆಗಳಲ್ಲಿ ಒಂದು, ದೇವರಾಜ ಅರಸರ ಹೆಸರನ್ನು ಉಳಿಸಿದ್ದು. ಕಾಫಿ ತೋಟಗಳಿಗೆ ಅದರಿಂದ ವಿನಾಯಿತಿ ಇತ್ತು. ಉಳುವವನೇ ಒಡೆಯ ಎಂಬ ಮಾತು ಘಾಟಿ ಹತ್ತಲಿಲ್ಲ.

ಅದರ ಫಲವನ್ನು ಇವತ್ತೂ ಕಾಣಬಹುದು. ನಸುಕಿನ ಮಂಜಿನಲ್ಲಿ ಕಾಲ್ನಡೆಯಲ್ಲಿ ತೋಟಕ್ಕೆ ಹೋಗುವವನು ಆಳು. ಆನೆ ಎದುರಾಗುವುದೂ ಅವನಿಗೇ. ಮಾಲೀಕ ಜೀಪಿನಲ್ಲಿರುತ್ತಾನೆ. 'ಕಾಡಾನೆ ದಾಳಿ: ಕಾರ್ಮಿಕ ಸಾವು' ಎಂದು ಒಂದು ಕಾಲಂ ಸುದ್ದಿ, ಪರಿಹಾರ, ರಸ್ತೆ ತಡೆ, ಮುಗಿಯಿತು. ಸ್ಮಾರಕದ ಮಾತು ಬರುವುದಿಲ್ಲ. ಅರ್ಜುನನಿಗೆ ಸ್ಮಾರಕ ಬೇಡ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ನಾಳೆ ಹಾಗೆ ಬರೆಯಬೇಡಿ.

ಈಗ ಕೆಲವರಿಗೆ ಇರಿಸುಮುರಿಸಾಗುವ ಮಾತಿಗೆ ಬಂದೆ. ಕಾಫಿ, ಏಲಕ್ಕಿ, ಮೆಣಸು ಬೆಳೆಯುವವರು ಒತ್ತುವರಿ ಮಾಡಿದ ಸರ್ಕಾರಿ ಜಮೀನನ್ನು 25 ಎಕರೆವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ರಾಜ್ಯ ಸರ್ಕಾರ ಭೂಕಂದಾಯ ಕಾಯ್ದೆಯನ್ನೇ ತಿದ್ದಿದೆ. ಹಾಸನ, ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಂದ ಅರ್ಜಿ ಕರೆಯಲಾಗಿದೆ. ದಲಿತ ಸಂಘಟನೆಗಳು ಬೀದಿಗಿಳಿದು ವಿರೋಧಿಸಿವೆ. ಈಗ ಅರಣ್ಯ ಹಕ್ಕು ಕಾಯ್ದೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಒಬ್ಬನಿಗೆ ಸಿಗಬಹುದಾದ ಗರಿಷ್ಠ ನೆಲ 4 ಹೆಕ್ಟೇರ್, ಸುಮಾರು 10 ಎಕರೆ. ಪರಿಶಿಷ್ಟ ಪಂಗಡದವನಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದೆ ಎಂದು ತೋರಿಸಬೇಕು. ಪಂಗಡದವನಲ್ಲದಿದ್ದರೆ, ಅಂದರೆ ನಮ್ಮ ಕಾಡಂಚಿನ ದಲಿತನಾದರೆ, ಮೂರು ತಲೆಮಾರು, 75 ವರ್ಷದ ಪುರಾವೆ ತರಬೇಕು. ಮಣ್ಣಾಳಿನ ಮೊಮ್ಮಗ ಎಲ್ಲಿಂದ ತರುತ್ತಾನೆ ಕಾಗದ? ಅವನ ಅಜ್ಜನ ಹೆಸರು ಕಾಗದದಲ್ಲಿ ಬಂದಿದ್ದರೆ ಯಾರದೋ ಆಸ್ತಿಯ ಪಟ್ಟಿಯಲ್ಲಿ ಬಂದಿರುತ್ತಿತ್ತು. ಕಾಗದವಿಲ್ಲದವನ ಸಾಗುವಳಿ ಒತ್ತುವರಿ, ಕಾಗದ ಮಾಡಿಸಿಕೊಳ್ಳಬಲ್ಲವನ ಒತ್ತುವರಿ ಗುತ್ತಿಗೆ.

ಸಣ್ಣ ಬೆಳೆಗಾರರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಎರಡು, ಮೂರು ಎಕರೆಯವನು ಆನೆ, ಅಕಾಲ ಮಳೆ, ಕಾಂಡಕೊರಕ, ಆಳಿನ ಅಭಾವ, ಬ್ಯಾಂಕಿನ ನೋಟೀಸು ಎಲ್ಲದರ ನಡುವೆ ಸಿಕ್ಕಿ ನರಳುತ್ತಿದ್ದಾನೆ. ಅವನನ್ನು 25 ಎಕರೆಯವನ ಪಕ್ಕ ನಿಲ್ಲಿಸಿ ಇಬ್ಬರೂ ಬೆಳೆಗಾರರೇ ಎನ್ನುವುದು ಜಾಣತನ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟೆ ಕಟ್ಟಿದಾಗ ಆಲೂರು, ಸಕಲೇಶಪುರದ ಹಳ್ಳಿಗಳು ಮುಳುಗಿ ಊರು ಬಿಟ್ಟವರೂ ಇಲ್ಲಿದ್ದೀರಿ. ನೆಲ ಕಳೆದುಕೊಳ್ಳುವುದು ಹೇಗಿರುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿಯೇ ಈ ಲೆಕ್ಕದ ಮಾತನ್ನು ಬೆಂಗಳೂರಿನಲ್ಲಿ ಆಡುವುದಕ್ಕಿಂತ ಇಲ್ಲಿ ಆಡುವುದು ಲೇಸು ಅನ್ನಿಸಿತು.

ಬಹಳ ದೊಡ್ಡ ಬೇಡಿಕೆಗಳೇನೂ ನನ್ನಲ್ಲಿಲ್ಲ. ತಿರಸ್ಕೃತವಾದ ಅರಣ್ಯ ಹಕ್ಕು ಅರ್ಜಿಗಳನ್ನು ಗ್ರಾಮಸಭೆಯ ಮುಂದೆ ಮತ್ತೆ ಬಿಡಿಸಿ, ಯಾವ ಕಾರಣಕ್ಕೆ ತಳ್ಳಿದಿರಿ ಎಂದು ಗಟ್ಟಿಯಾಗಿ ಓದಿಸಬೇಕು. ಕಾಗದ ಇಲ್ಲದ ಕಡೆ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುವ ಅವಕಾಶ ಆ ಕಾನೂನಿನ ನಿಯಮಗಳಲ್ಲೇ ಇದೆ, ಅದನ್ನು ಬಳಸಬೇಕು. ತಲೆಮಾರುಗಳಿಂದ ಲೈನ್ ಮನೆಯಲ್ಲಿರುವವರಿಗೆ ನಿವೇಶನ ಕೊಟ್ಟು ಆಮೇಲೆ ಗುತ್ತಿಗೆಯ ಕಡತ ಮುಟ್ಟಬೇಕು. ಕಾಲೇಜಿನವರಿಗೆ ಒಂದು ಕೆಲಸ: ಕುಳವಾಡಿ ಮನೆತನಗಳು ಆಲೂರು ಕಡೆ ಇನ್ನೂ ಇವೆ, ಅಜ್ಜಂದಿರು ಬದುಕಿದ್ದಾರೆ. ಯಾವ ಊರಿನ ಗಡಿ ಯಾವ ಹಳ್ಳ, ಯಾವ ಬಂಡೆ, ಯಾವ ಮರ ಎಂದು ಅವರಿಂದ ಕೇಳಿ ಬರೆದುಕೊಳ್ಳಿ. ಕೋಟೆಯ ಮುಂದೆ ಟಿಪ್ಪುವಿನ ಬೋರ್ಡು ಇದ್ದಂತೆ ಅದಕ್ಕೂ ಒಂದು ಬೋರ್ಡು ಬರೆಸಿ. ಆ ಮನೆತನಗಳ ಹುಡುಗ ಹುಡುಗಿಯರು ನಿಮ್ಮ ಕಾಲೇಜಿನಲ್ಲೇ ಓದುತ್ತಿದ್ದಾರೆ, ಕೆಲಸ ಅವರಿಂದಲೇ ಶುರುವಾಗಲಿ.

ಚರ್ಚೆಗೆ ಅರ್ಧ ಗಂಟೆ ಇದೆ ಎಂದು ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಸಭೆಯಲ್ಲಿ ತೋಟದ ಮಾಲೀಕರಿದ್ದೀರಿ, ರೈಟರುಗಳಿದ್ದೀರಿ, ಹಿಂದಿನ ಸಾಲಿನಲ್ಲಿ ಲೈನ್ ಮನೆಯಿಂದ ಬಂದವರೂ ಇದ್ದೀರಿ. ಹಿಂದಿನ ಸಾಲಿನವರಿಗೆ ಮೈಕು ಮೊದಲು ಹೋಗಲಿ. 25 ಎಕರೆಯಿಂದಲೇ ಶುರು ಮಾಡೋಣ.